ಗೇಟಿಗೆ ಬರಲಿಲ್ಲ

ನಮ್ಮ ಮನೆಯ ಟೀವಿಯಲ್ಲಿ ದಿನಾ ಸಂಜೆ ಒಂದು ಧಾರಾವಾಹಿ ಬರುತ್ತದೆ. ಅದರಲ್ಲೊಬ್ಬ ಹುಡುಗಿ, ದೊಡ್ಡ ಗಾಯಕಿ ಆಗಬೇಕೆಂದು ಊರು ಬಿಟ್ಟು ಬಂದವಳು. ಕಪ್ಪು ಕೋಟು ತೊಟ್ಟ ತೀರ್ಪುಗಾರನೊಬ್ಬ ಎಲ್ಲರೆದುರಿಗೆ ಆಕೆಗೆ, ನಿನ್ನ ಹಾಡಿನಲ್ಲಿ ಜೀವವೇ ಇಲ್ಲ ಎಂದುಬಿಟ್ಟ. ಹುಡುಗಿ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳಲು ಕೂತವಳು ವಾರ ಕಳೆದರೂ ಹೊರಗೆ ಬಂದಿಲ್ಲ. ನನ್ನ ಮೊಮ್ಮಗಳು ಕಣ್ಣೊರೆಸಿಕೊಳ್ಳುತ್ತಾ ನೋಡುತ್ತಾಳೆ. ನಿನ್ನೆ ತಡೆಯಲಾರದೆ, "ನೀರು ಸುಮ್ನೆ ಹರ್ದು ಹೋಗ್ತೈತಲ್ಲೇ, ನಲ್ಲಿನಾದ್ರೂ ಬಂದ್ ಮಾಡು ಅನ್ನು ಆಕೀಗೆ" ಎಂದೆ. ಅವಳಿಗೆ ಸಿಟ್ಟು ಬಂತು. "ನಿಂಗೇನು ಗೊತ್ತಜ್ಜಿ, ಅಷ್ಟು ಜನರ ಮುಂದೆ ಅನ್ನಿಸ್ಕೊಂಡ್ರೆ ಹೆಂಗಾಗುತ್ತೆ ಅಂತ!"

ನನಗೆ ಗೊತ್ತಿಲ್ಲವಂತೆ. ತುಂಬಿದ ಥಿಯೇಟರಿನಲ್ಲಿ, ಆಟ ನಡೆಯುತ್ತಿರುವಾಗಲೇ, ರಂಗದ ಮೇಲೆ, ನನ್ನನ್ನು ಎದೆಗೆ ಅವುಚಿಕೊಂಡು ಕಿವಿಯಲ್ಲಿ ಬೈದವಳೊಬ್ಬಳಿದ್ದಳು. ಜನ ಅದನ್ನು ತಾಯಿಯ ಮಮತೆ ಎಂದುಕೊಂಡು ಮೂಗು ಒರೆಸಿಕೊಳ್ಳುತ್ತಿದ್ದರು. ಆಕೆಯ ವಿಷಯವನ್ನು ಒಂದಿಷ್ಟು ಬರೆದಿಡಬೇಕು ಎಂದು ನಿನ್ನೆಯೇ ನಿಶ್ಚಯಿಸಿದೆ.

ಆಕೆಯ ಹೆಸರು ಬರೆಯುವುದಿಲ್ಲ. ಒಂದು ಕಾಲಕ್ಕೆ ನಾಟಕದ ಕರಪತ್ರದಲ್ಲಿ ಆಕೆಯ ಹೆಸರು ಮಾಲೀಕರ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಇರುತ್ತಿತ್ತಂತೆ. ನಾಯಕಿಯ ಪಾತ್ರ ಬಿಟ್ಟು ತಾಯಿಯ ಪಾತ್ರಕ್ಕೆ ಬಂದ ದಿನ ಆಕೆಯೇ ಮಾಲೀಕರಿಗೆ, "ನನ್ನ ಹೆಸ್ರು ತೆಗೀರಿ. ಹೆಸ್ರಿಗೆ ಬರೋರು ಬ್ಯಾಡ, ಆಟಕ್ಕ ಬರೋರು ಬರ್ಲಿ" ಎಂದಳಂತೆ. ಆಕೆ ತೆಗೆಸಿದ್ದನ್ನು ನಾನು ಸೇರಿಸುವುದು ಸರಿಯಲ್ಲ. ಕಂಪನಿಯಲ್ಲಿ ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು, ಹಾಗೇ ಇರಲಿ.

ಮೈಸೂರು ಸೀಮೆ, ಬೊಂಬಾಯಿ ಸೀಮೆ ಎಲ್ಲ ಒಂದಾಗಿ ಕೆಲವು ವರ್ಷ ಕಳೆದಿದ್ದವು. ನಮ್ಮದು ಊರೂರು ತಿರುಗುವ ನಾಟಕ ಕಂಪನಿ. ಆ ವರ್ಷ ದಾವಣಗೆರೆಯಲ್ಲಿ ತಗಡಿನ ಥಿಯೇಟರು ಹಾಕಿ ಕ್ಯಾಂಪು ಮಾಡಿತ್ತು. ಹಿಂದುಗಡೆ ಹತ್ತಿ ಗಿರಣಿ. ಬೆಂಚು, ಕುರ್ಚಿ ಎಲ್ಲ ಮುಂದೆ. ಹಿಂದೆ ನೆಲದ ಮೇಲೆ ಕೂರುವವರು ಗಿರಣಿಯ ಜನ. ಕೂದಲಿಗೆ ಅಂಟಿದ ಹತ್ತಿಯನ್ನೂ ಕೊಡವಿಕೊಳ್ಳದೆ, ಕೈಯಲ್ಲಿ ಮಂಡಕ್ಕಿ ಪೊಟ್ಟಣ ಹಿಡಿದು ನೇರ ಆಟಕ್ಕೆ ಬರುತ್ತಿದ್ದರು. ಮೆಚ್ಚಿದರೆ ತಗಡು ಹಾರುವ ಹಾಗೆ ಶಿಳ್ಳೆ, ಮೆಚ್ಚದಿದ್ದರೆ ನೆಂಟರಿಷ್ಟರ ಕಥೆ ತೆಗೆದು ಮಾತಿಗೆ ಕೂತುಬಿಡುವರು. ಬೈದರೆ ತಡೆದುಕೊಳ್ಳಬಹುದು. ನಾನು ಮಾತಾಡುವಾಗ ಅವರು ತಮ್ಮಷ್ಟಕ್ಕೆ ಮಾತಾಡಿಕೊಂಡರೆ ತಡೆಯಲಾರದೆ ಕೂಗಲು ಶುರುಮಾಡುತ್ತಿದ್ದೆ.

ನಾನು ಭಾನುವಳ್ಳಿಯವಳು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಹರಿಹರಕ್ಕೆ ಬಂದು, ಒಂದು ಹೊಲಿಗೆ ಮಿಷನ್ನು ಹಾಕಿಕೊಂಡು ರವಿಕೆ, ಲಂಗ ಹೊಲಿಯುತ್ತಿದ್ದಳು. ಒಂದು ಸಲ ಇದೇ ಕಂಪನಿ ಹರಿಹರಕ್ಕೆ ಬಂದಾಗ ಪಾತ್ರಧಾರಿಗಳ ಬಟ್ಟೆ ಹೊಲಿಯುವ ಕೆಲಸ ಅವ್ವನಿಗೆ ಸಿಕ್ಕಿತು. ಹೊಲಿದದ್ದನ್ನು ಕೊಡಲು ಹೋಗುತ್ತಿದ್ದ ನಾನು ಅಲ್ಲಿಯೇ ನಿಂತು ಹಾಡು ಕೇಳಿ, ಮನೆಗೆ ಬಂದು ಹಾಡಿ, ಕೊನೆಗೆ ಮಾಲೀಕರ ಕಿವಿಗೂ ಬಿದ್ದೆ. ಅವ್ವ ಸುಲಭಕ್ಕೆ ಒಪ್ಪಲಿಲ್ಲ. ಒಪ್ಪಿದಾಗ ಒಂದು ಷರತ್ತು ಹಾಕಿದಳು. "ನಾಯಕಿ ಆದ್ರ ಆತು. ಬರೇ ಗುಂಪಿನಾಗ ಕುಣ್ಯದಾದ್ರ ವಾಪಸ್ ಬಂದು ರವಿಕಿಗೆ ಗುಂಡಿ ಕಾಜಾ ಹಾಕು. ಮಂದಿ ಅನ್ನೋದು ಅಂತಾರ, ಅನ್ನಿಸ್ಕೊಂಡಿದ್ದಕ್ಕಾದ್ರೂ ಏನಾರ ಸಿಗಬೇಕು."

ಅವ್ವನ ಮಾತು ನನ್ನ ಬೆನ್ನಿಗೆ ಅಂಟಿತ್ತು. ಹಾಗಾಗಿ ದಾವಣಗೆರೆಯ ಕ್ಯಾಂಪಿನ ನಡುವೆ ನಾಯಕಿಯ ಪಾತ್ರ ಮಾಡುತ್ತಿದ್ದವಳು ಮದುವೆಯಾಗಿ ಹೊರಟುಹೋದಾಗ ನಾನು ಒಳಗೊಳಗೇ ಕುಣಿದೆ. ಮಾಲೀಕರು ನನ್ನನ್ನು ಕರೆದರು. "ನೋಡವ್ವಾ, ಈಗ ನೀನೇ ಮಾಡು. ಹರಿಹರದ ಕ್ಯಾಂಪಿನ ಮೊದಲ್ನೇ ಭಾನುವಾರದ ತನಕ ನೋಡ್ತೀನಿ. ಅಲ್ಲಿಗೂ ನೀ ಏಳ್ಲಿಲ್ಲ ಅಂದ್ರ ಹುಬ್ಬಳ್ಳಿಯಿಂದ ಒಬ್ಬಾಕೀನ್ನ ಕರಸ್ತೀನಿ. ಆಕಿ ತಯಾರಾಗೇ ಅದಾಳ." ಅಂದರೆ ಸೋಲುವುದಾದರೆ ನನ್ನೂರಲ್ಲಿ, ಅವ್ವನ ಕಣ್ಣೆದುರಿಗೇ ಸೋಲಬೇಕು. ನಂತರ ಮಾಲೀಕರು ದೊಡ್ಡಕ್ಕನ ಕಡೆ ತಿರುಗಿ, "ಅಕ್ಕಾರ, ಸ್ವಲ್ಪ ತಿದ್ರಿ ಈ ಹುಡುಗೀನ್ನ" ಎಂದರು. ದೊಡ್ಡಕ್ಕ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಬಟ್ಟೆ ಚಲೋ ಹೊಲ್ದಾಳ ಇವ್ರವ್ವ" ಎಂದಳು. ಅಷ್ಟೇ.

ಆಕೆ ಕುಳ್ಳಿ. ಮೊಳಕಾಲು ನೋವಿನಿಂದ ಸ್ವಲ್ಪ ವಾಲಿಕೊಂಡು ನಡೆಯುತ್ತಿದ್ದಳು. ಬಣ್ಣ ಹಚ್ಚಿ ರಂಗಕ್ಕೆ ಹೆಜ್ಜೆ ಇಟ್ಟರೆ ವಾಲುವುದು ನಿಂತುಬಿಡುತ್ತಿತ್ತು. ಸೈಡ್ ವಿಂಗಿನಲ್ಲಿ ನೆಲ ಮುಟ್ಟಿ ನಮಸ್ಕಾರ ಮಾಡಿ, ತನ್ನ ಎರಡು ಕೆನ್ನೆಗೂ ತಾನೇ ಪಟಪಟ ಬಡಿದುಕೊಂಡು ಒಳಗೆ ಹೋಗುವುದು ಆಕೆಯ ಪದ್ಧತಿ. ಯಾಕೆಂದು ಕೇಳಿದರೆ, "ಜನ ಬಡಿಯೂದಕ್ಕಿಂತ ಮೊದ್ಲ ನಾವ ಬಡ್ಕೊಂಡ್ರ ಮುಗೀತು" ಎನ್ನುವಳು. ಒಮ್ಮೆ ಆಕೆಯ ಮಾತಿನ ನಡುವೆ ಗಿರಣಿಯ ಸೈರನ್ನು ಕೂಗಿತು. ನಾನಾಗಿದ್ದರೆ ಅದರ ಮೇಲೆ ಕಿರುಚುತ್ತಿದ್ದೆ. ದೊಡ್ಡಕ್ಕ ಒಂದು ಬೆರಳನ್ನು ಮೇಲೆತ್ತಿ, ಕೆಟ್ಟ ಸುದ್ದಿಗೆ ಕಿವಿಗೊಟ್ಟವಳ ಹಾಗೆ ನಿಂತಳು. ಸೈರನ್ನು ಮುಗಿಯುವ ತನಕ ಜನ ಉಸಿರು ಬಿಡಲಿಲ್ಲ. ಆಮೇಲೆ ನಿಧಾನಕ್ಕೆ ಬೆರಳು ಇಳಿಸಿ ಮುಂದಿನ ಮಾತು ಹೇಳಿದಳು. ಅಂದು ಬಿದ್ದಷ್ಟು ಚಪ್ಪಾಳೆ ಆ ಮಾತಿಗೆ ಹಿಂದೆಂದೂ ಬಿದ್ದಿರಲಿಲ್ಲ.

ಆಕೆ ನನಗೆ ಪಾಠ ಹೇಳುವ ರೀತಿಯೇ ಬೇರೆ. ಬೆಳಿಗ್ಗೆ ಥಿಯೇಟರು ಖಾಲಿ ಇರುವಾಗ ನನ್ನನ್ನು ರಂಗದ ಮೇಲೆ ನಿಲ್ಲಿಸುವಳು. ತಾನು ಅಷ್ಟುದ್ದ ನಡೆದುಹೋಗಿ, ಕೊನೆಯಲ್ಲಿ, ಟಿಕೆಟು ಹರಿಯುವವನು ಕೂರುವ ಗೇಟಿನ ಸ್ಟೂಲಿನ ಮೇಲೆ, ನನಗೆ ಬೆನ್ನು ಮಾಡಿ ಕೂತುಬಿಡುವಳು. ಮಡಿಲಲ್ಲಿ ಶೇಂಗಾ. ಸುಲಿಯುತ್ತಾ ಬೀದಿ ನೋಡುವಳು. ನಾನು ಮಾತು ಒಪ್ಪಿಸಬೇಕು. ಒಂದು ಶಬ್ದ ಕೇಳಿಸದಿದ್ದರೂ ಎಡಗೈ ಮೇಲಕ್ಕೆ ಏಳುತ್ತಿತ್ತು. ನಾನು ಕೂಗಿದರೂ ಏಳುತ್ತಿತ್ತು.

"ಗೇಟಿಗೆ ಬರ್ಲಿಲ್ಲ."

"ಕೂಗಿದ್ನಲ್ಲ ದೊಡ್ಡಕ್ಕಾ!"

"ಕೂಗಿದ್ದು ಬಂತು. ಮಾತು ಬರ್ಲಿಲ್ಲ. ಆರಾಣೆ ಕೊಟ್ಟು ನೆಲದ ಮ್ಯಾಲೆ ಕುಂತಾನಲ್ಲ, ಅವ್ನೇನು ದನಾನಾ ನಿನ್ನ ಕೂಗಿಗೆ ತಿರುಗಾಕ? ಅವ್ನಿಗೆ ಮಾತು ಕೊಡು."

ಪ್ರೀತಿಯ ಮಾತನ್ನು ಪಿಸುಗುಟ್ಟಿದಂತೆ ಹೇಳಬೇಕು, ಅದೂ ಗೇಟಿಗೆ ಬರಬೇಕು. ಸಾಯುವವಳ ಕೊನೆಯ ಮಾತೂ ಗೇಟಿಗೆ ಬಂದ ಮೇಲೆಯೇ ಸಾಯಬೇಕು. ನನಗೆ ಅಳು ಬಾರದಿದ್ದರೂ ಆಕೆಯ ಹತ್ತಿರ ಮದ್ದಿತ್ತು. "ಅಳು ಬರ್ಲಿಲ್ಲಂದ್ರ ನನ್ನ ಭುಜದಾಗ ಮುಖ ಹುದುಗ್ಸಿ ನಕ್ಕುಬಿಡು. ಹಿಂದಿನಿಂದ ನೋಡೋರಿಗೆ ಭುಜ ಅಲ್ಲಾಡೋದು ಕಾಣ್ತೈತೆ, ಅಷ್ಟ. ನಕ್ರೂ ಒಂದ, ಅತ್ರೂ ಒಂದ." ನಾನು ಇದನ್ನು ತಮಾಷೆ ಎಂದುಕೊಂಡಿದ್ದೆ.

ನಿಜವಾದ ಶಿಕ್ಷೆ ಇದ್ದದ್ದು ಸಂಜೆಯ ಆಟದಲ್ಲಿ. ನಾಟಕದ ಕಥೆ ಇಷ್ಟೇ. ಚಿಕ್ಕಂದಿನಲ್ಲೇ ತಾಯಿಯಿಂದ ಅಗಲಿದ ಮಗಳು ಸಾಹುಕಾರರ ಮನೆಯಲ್ಲಿ ಬೆಳೆಯುತ್ತಾಳೆ. ಅದೇ ಮನೆಗೆ ತಾಯಿ ಕೆಲಸದವಳಾಗಿ ಬರುತ್ತಾಳೆ. ಕೊನೆಯ ಅಂಕದಲ್ಲಿ ತಾಯಿ, ಮಗುವಾಗಿದ್ದಾಗ ಹಾಡುತ್ತಿದ್ದ ಜೋಗುಳವನ್ನು ಹಾಡುತ್ತಾಳೆ, ಮಗಳಿಗೆ ಗುರುತು ಹತ್ತುತ್ತದೆ, ಓಡಿಬಂದು ತಬ್ಬಿಕೊಳ್ಳುತ್ತಾಳೆ. ತಬ್ಬಿಕೊಂಡೇ ಜೋಗುಳ ಪೂರ್ತಿಯಾಗಬೇಕು. ದೊಡ್ಡಕ್ಕ ಒಂದು ಸಾಲು ಹಾಡುವಳು. ಮುಂದಿನ ಸಾಲಿಗೆ ಮುಂಚೆ ನಮ್ಮ ಕಂಪನಿಯ ಸಂಗೀತದ ಖಾದರ್ ಮಾಸ್ತರು ಹಾರ್ಮೋನಿಯಂ ಪೇಟಿಯಲ್ಲಿ ಅದೇ ರಾಗವನ್ನು ಒಂದು ಸುತ್ತು ನುಡಿಸುವರು. ಆ ಸುತ್ತಿನಲ್ಲಿ, ನನ್ನ ತಲೆ ನೇವರಿಸುತ್ತಾ, ತುಟಿ ಅಲ್ಲಾಡಿಸದೆ, ದೊಡ್ಡಕ್ಕ ನನ್ನ ಕಿವಿಯಲ್ಲಿ ಶುರುಮಾಡುವಳು. "ಎರಡನೇ ಅಂಕದಾಗ ಕೈ ಯಾಕ ಬೀಸಿದೆ? ನೊಣ ಹೊಡಿತಿದ್ಯಾ?" ಮತ್ತೆ ಒಂದು ಸಾಲು ಹಾಡು. ಮತ್ತೆ ಪೇಟಿ. "ಪೌಡರು ಮುಖಕ್ಕ ಹಚ್ಚು, ಮಾತಿಗೆ ಬ್ಯಾಡ." ಇನ್ನೊಂದು ಸಾಲು. "ಇವತ್ತೂ ಗೇಟಿಗೆ ಬರ್ಲಿಲ್ಲ."

ಇದರ ಮೇಲೆ ಒನ್ಸ್ ಮೋರ್ ಬೇರೆ. ಆಗಿನ ಆಟಗಳನ್ನು ನೋಡಿದವರಿಗೆ ಗೊತ್ತು, ಹಾಡು ಮೆಚ್ಚಿಗೆಯಾದರೆ ಜನ ಒನ್ಸ್ ಮೋರ್ ಎಂದು ಕೂಗುತ್ತಿದ್ದರು. ಕೂಗಿದರೆ ಮತ್ತೆ ಹಾಡಲೇಬೇಕು. ಸತ್ತು ಬಿದ್ದವನೂ ಎದ್ದು ಹಾಡಿ ಮತ್ತೆ ಸಾಯಬೇಕು. ದೊಡ್ಡಕ್ಕನ ಜೋಗುಳಕ್ಕೆ ಒನ್ಸ್ ಮೋರ್ ಬೀಳದ ದಿನವೇ ಇರಲಿಲ್ಲ. ಅಂದರೆ ನಾನು ಮತ್ತೆ ಓಡಿಬಂದು ತಬ್ಬಿಕೊಳ್ಳಬೇಕು, ಮತ್ತೆ ಬೈಸಿಕೊಳ್ಳಬೇಕು. ಜನ ಚಪ್ಪಾಳೆ ತಟ್ಟಿದಷ್ಟೂ ನನ್ನ ತಪ್ಪುಗಳ ಪಟ್ಟಿ ಉದ್ದವಾಗುತ್ತಿತ್ತು. ಆಕೆಯ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು.

ಒಂದು ದಿನ ಆಟ ಮುಗಿದ ಮೇಲೆ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಒಳಗೆ ಬಂದು, ಏನು ಅಭಿನಯ, ಏನು ಅಭಿನಯ ಎಂದು ನನ್ನನ್ನು ಹೊಗಳಿದರು. ನಾನು ನೆಲದ ಮೇಲೆ ಇರಲಿಲ್ಲ. ದೊಡ್ಡಕ್ಕ ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ತೆಗೆಯುತ್ತಾ, "ಕೂಡ್ರಿ ಸಾವ್ಕಾರ್ರ. ಯಾವ ಮಾತು ಹಿಡಿಸ್ತು ನಿಮಗೆ?" ಎಂದು ಕೇಳಿದಳು. ಅವರು ತಡವರಿಸಿದರು. ಒಂದು ಮಾತೂ ನೆನಪಿಗೆ ಬರಲಿಲ್ಲ. ಅವರು ಹೋದ ಮೇಲೆ, "ಸೀರಿ ನೋಡಿ ಹೋಗ್ಯಾನ" ಎಂದಳು. ಅಂದು ರಾತ್ರಿ ನಾನು ಊಟ ಮಾಡಲಿಲ್ಲ.

ಗುಂಪಿನ ಹುಡುಗಿಯರು, "ಆಕೀಗೆ ಹೊಟ್ಟೆಕಿಚ್ಚು ಕಣೇ. ತಾನು ಮಾಡ್ತಿದ್ದ ಪಾತ್ರ ನೋಡು" ಎನ್ನುತ್ತಿದ್ದರು. ನಾನು ಆ ಮಾತನ್ನು ಬೆಲ್ಲದ ಅಚ್ಚಿನ ಹಾಗೆ ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದೆ. ಯಾಕೆಂದರೆ ಲೆಕ್ಕ ಸರಳವಾಗಿತ್ತು. ಆಕೆಗೆ ಹೊಟ್ಟೆಕಿಚ್ಚು ಇದ್ದರೆ ನಾನು ಚೆನ್ನಾಗಿ ಮಾಡುತ್ತಿದ್ದೇನೆ. ಇಲ್ಲದಿದ್ದರೆ ಆಕೆ ಹೇಳುವುದೆಲ್ಲ ನಿಜ, ನಾನು ಯಾವುದಕ್ಕೂ ಬಾರದವಳು. ದೇವರೇ, ಆಕೆ ಹೊಟ್ಟೆಕಿಚ್ಚಿನವಳೇ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಆಕೆ ಮೊಳಕಾಲು ಹಿಡಿದುಕೊಂಡು ಗೇಟಿನ ತನಕ ನಡೆದುಹೋಗುವುದನ್ನು ನೋಡಿದರೆ ಮಾತ್ರ ಆ ನಂಬಿಕೆ ಅಲ್ಲಾಡುತ್ತಿತ್ತು. ಹೊಟ್ಟೆಕಿಚ್ಚಿಗೆ ಯಾರು ಅಷ್ಟು ದೂರ ನಡೆಯುತ್ತಾರೆ?

ಒಮ್ಮೆ ಬಟ್ಟೆ ಗಂಟು ಕಟ್ಟಿಕೊಂಡು ಸ್ಟೇಷನ್ನಿಗೆ ಹೋಗಿ ಕೂತೆ. ಹರಿಹರ ಎಷ್ಟು ದೂರ, ರೈಲು ಹತ್ತಿ ಕೂರುವಷ್ಟರಲ್ಲಿ ಇಳಿಯಬೇಕು. ಅಲ್ಲಿ ಖಾದರ್ ಮಾಸ್ತರು ಸಿಕ್ಕರು. ಅಲ್ಲೇ ಹತ್ತಿರದ ಆನೆಕೊಂಡದಲ್ಲಿ ಅವರ ತಂಗಿಯ ಮನೆ. ಊರಿಂದ ಬರುವ ನೆಂಟರಿಗಾಗಿ ಕಾಯುತ್ತಿದ್ದರು. ನನ್ನ ಗಂಟು ನೋಡಿ ಅವರಿಗೆ ಎಲ್ಲ ತಿಳಿಯಿತು.

"ದೊಡ್ಡಕ್ಕ ನಿಂಗೆ ಯಾವತ್ತಾದ್ರೂ ಶಹಬ್ಬಾಸ್ ಅಂದಾಳೇನವ್ವ?" ಎಂದರು.

"ಒಂದಿನಾನೂ ಇಲ್ರಿ."

"ಹಂಗಾದ್ರ ಹೋಗಬ್ಯಾಡ. ಹಿಂದೆ ಇದ್ದಾಕೀಗೆ ದಿನಾ ಶಹಬ್ಬಾಸ್ ಅಂತಿದ್ಲು. ಅಂದು, ಒಳಗೆ ಹೋಗಿ ಮಕ್ಕೊಂಡ್ಬಿಡ್ತಿದ್ಲು. ಆಕೀಗೆ ಯಾರ ಮ್ಯಾಲೆ ಆಸೆ ಇಲ್ವೋ, ಅವ್ರನ್ನ ಹೊಗಳ್ತಾಳ."

ನಾನು ಗಂಟು ಎತ್ತಿಕೊಂಡು ವಾಪಸು ಬಂದೆ. ಆದರೆ ಮಾಸ್ತರು ಒಳ್ಳೆಯದು ಮಾಡಲು ಹೋಗಿ ನನಗೆ ಇನ್ನೊಂದು ಹೆದರಿಕೆ ಹಚ್ಚಿದ್ದರು. ಅಲ್ಲಿಯವರೆಗೆ ಆಕೆಯ ಬೈಗುಳಕ್ಕೆ ಹೆದರುತ್ತಿದ್ದೆ. ಇನ್ನು ಮುಂದೆ, ಎಲ್ಲಿ ಹೊಗಳಿಬಿಡುತ್ತಾಳೋ ಎಂದು ಹೆದರತೊಡಗಿದೆ.

ಹೆದರಿದ್ದೇ ಆಯಿತು. ದಾವಣಗೆರೆಯ ಕೊನೆಯ ಆಟದ ದಿನ ನಾನು ಓಡಿಬಂದು ತಬ್ಬಿಕೊಂಡು ಕಾದೆ. ಆಕೆ ಒಂದು ಸಾಲು ಹಾಡಿದಳು. ಪೇಟಿ ಒಂದು ಸುತ್ತು ಸುತ್ತಿತು. ಕಿವಿಯಲ್ಲಿ ಮಾತಿಲ್ಲ. ಇನ್ನೊಂದು ಸಾಲು, ಇನ್ನೊಂದು ಸುತ್ತು, ಮಾತಿಲ್ಲ. ಒನ್ಸ್ ಮೋರ್ ಬಿತ್ತು, ಮತ್ತೆ ತಬ್ಬಿದೆ, ಆಗಲೂ ಮಾತಿಲ್ಲ. ಪರದೆ ಬಿದ್ದ ಮೇಲೆ ನಾನೇ ಹೋಗಿ, "ಹೆಂಗಾತು ದೊಡ್ಡಕ್ಕ?" ಎಂದು ಕೇಳಿದೆ. ಎಲ್ಲೋ ನೋಡುತ್ತಿದ್ದವಳು, "ಚಲೋ ಆತು ಬಿಡವ್ವ" ಎಂದಳು. ಎಂದವಳು ಮದುವೆಯಾಗಿ ಹೋದ ಹಳೆಯ ನಾಯಕಿಯ ಹೆಸರಿನಿಂದ ನನ್ನನ್ನು ಕರೆದಳು.

ಇದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಲ್ಲ. ನನ್ನನ್ನೂ ಆ ಹೋದವಳ ಲೆಕ್ಕಕ್ಕೆ ಸೇರಿಸಿದ್ದಳು. ನನ್ನ ಮೇಲಿನ ಆಸೆ ಬಿಟ್ಟಿದ್ದಳು. ಹುಬ್ಬಳ್ಳಿಯ ಹುಡುಗಿಗೆ ಹೇಳಿಕಳಿಸುವುದು ಆಕೆಗೂ ಗೊತ್ತಿರಬೇಕು ಎಂದುಕೊಂಡೆ. ಹರಿಹರದಲ್ಲಿ ಥಿಯೇಟರು ಎದ್ದಿತು. ಬೆಳಗಿನ ಪಾಠಕ್ಕೆ ಆಕೆ ಬರಲಿಲ್ಲ. ನಾನೊಬ್ಬಳೇ ರಂಗದ ಮೇಲೆ ನಿಂತು ಗೇಟಿನ ಖಾಲಿ ಸ್ಟೂಲಿಗೆ ಮಾತು ಒಪ್ಪಿಸಿದೆ. ಯಾವ ಕೈಯೂ ಮೇಲೇಳಲಿಲ್ಲ.

ಮೊದಲ ಭಾನುವಾರ ಮಧ್ಯಾಹ್ನದ ಆಟ. ಹೆಂಗಸರು, ಮಕ್ಕಳು, ಸುತ್ತಲ ಹಳ್ಳಿಯವರು, ಭಾನುವಳ್ಳಿಯಿಂದ ಬಸ್ಸು ಹಿಡಿದು ಬಂದ ನಮ್ಮವರು. ತಗಡು ಕಾದು ಒಳಗೆ ಬೇಯುತ್ತಿತ್ತು. ಅವ್ವ ಕುರ್ಚಿ ಬ್ಯಾಡ ಎಂದು ಹಟ ಮಾಡಿ, ಹಿಂದೆ ಗೇಟಿನ ಹತ್ತಿರ, ನೆಲದ ಮೇಲೆ ಕೂತಿದ್ದಳು. ಸೈಡ್ ವಿಂಗಿನಲ್ಲಿ ಮಾಲೀಕರು ಕೈಕಟ್ಟಿ ನಿಂತರು. ಮೊದಲ ಎರಡು ಅಂಕ ಹೇಗೆ ಕಳೆಯಿತೋ ನನಗೆ ಗೊತ್ತಿಲ್ಲ. ಶಿಳ್ಳೆಯೂ ಇಲ್ಲ, ಬೈಗುಳವೂ ಇಲ್ಲ, ಮಕ್ಕಳ ಅಳು ಮಾತ್ರ ಕೇಳುತ್ತಿತ್ತು.

ಕೊನೆಯ ಅಂಕ ಬಂತು. ದೊಡ್ಡಕ್ಕ ಜೋಗುಳದ ಮೊದಲ ಸಾಲು ಎತ್ತಿದಳು. ನಾನು ಓಡಿಬಂದು ತಬ್ಬಿಕೊಂಡೆ. ಖಾದರ್ ಮಾಸ್ತರು ಒಂದು ಸುತ್ತು ನುಡಿಸಿ ಬಿಟ್ಟುಕೊಟ್ಟರು. ಆಕೆ ಹಾಡಲಿಲ್ಲ. ಮಾಸ್ತರು ಇನ್ನೊಂದು ಸುತ್ತು ನುಡಿಸಿದರು. ಆಕೆ ಹಾಡಲಿಲ್ಲ. ನನ್ನ ಬೆನ್ನ ಮೇಲಿದ್ದ ಎರಡು ಕೈಗಳೂ ರವಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡವು. ವಿಂಗಿನಲ್ಲಿ ಮಾತು ಎತ್ತಿಕೊಡುವವನು ಪುಸ್ತಕ ಬದಿಗಿಟ್ಟು ನಿಂತಿದ್ದ. ಇಷ್ಟು ವರ್ಷ ದೊಡ್ಡಕ್ಕನಿಗೆ ಯಾರೂ ಮಾತು ಎತ್ತಿಕೊಟ್ಟದ್ದೇ ಇಲ್ಲ, ಆತ ತಾನೇ ಏನು ಮಾಡಿಯಾನು? ದಾವಣಗೆರೆಯ ಕೊನೆಯ ದಿನ ಆಕೆ ಯಾಕೆ ಸುಮ್ಮನಿದ್ದಳು, ಯಾಕೆ ನನ್ನ ಹೆಸರು ತಪ್ಪಿದಳು ಎಂದು ನನಗೆ ಆಗ ಹೊಳೆಯಿತು. ನನ್ನನ್ನು ಬೈಯುವಷ್ಟು ಪುರುಸೊತ್ತು ಆಕೆಗೆ ಇರಲಿಲ್ಲ. ಆಕೆ ತನ್ನ ಸಾಲುಗಳನ್ನು ಹುಡುಕುತ್ತಿದ್ದಳು.

ನಾನು ಬಾಯಿ ತೆರೆದದ್ದು ಮಾಲೀಕರ ಕಣ್ಣಿಗೆ ಬಿದ್ದರೆ, ಜನರಿಗೆ ಕೇಳಿದರೆ, ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾಯಕಿ ಆಟ ಕೆಡಿಸಿದಳು ಎನ್ನುತ್ತಿದ್ದರೇ ಹೊರತು ದೊಡ್ಡಕ್ಕ ಮರೆತಳು ಎಂದು ಯಾರೂ ನಂಬುತ್ತಿರಲಿಲ್ಲ. ಆದರೂ ಆಕೆಯ ಭುಜದಲ್ಲಿ ಮುಖ ಹುದುಗಿಸಿ, ಆಕೆಯಿಂದಲೇ ಕಲಿತ ಹಾಗೆ ತುಟಿ ಅಲ್ಲಾಡಿಸದೆ, ಮುಂದಿನ ಸಾಲು ಹೇಳಿದೆ. ಇಷ್ಟು ದಿನ ಆ ಭುಜದ ಮೇಲೆ ತಲೆಯಿಟ್ಟು ಕೇಳಿದ ಹಾಡು, ನನಗೆ ಬಾಯಿಪಾಠವಾಗಿತ್ತು. ಆಕೆ ಹಾಡಿದಳು. ಮಾಸ್ತರು ಪೇಟಿ ನುಡಿಸುವಾಗ ನಾನು ಮುಂದಿನದು ಹೇಳಿದೆ. ಆಕೆ ಹಾಡಿದಳು. ಹೀಗೆ ಮುಗಿಯಿತು. ಆ ಮೌನವನ್ನು ಜನ ತಾಯಿಗೆ ದುಃಖದಿಂದ ಗಂಟಲು ಕಟ್ಟಿದ್ದು ಎಂದುಕೊಂಡಿದ್ದರು. ಇಡೀ ಥಿಯೇಟರು ಒನ್ಸ್ ಮೋರ್ ಎಂದು ಎದ್ದು ನಿಂತಿತು.

ದೊಡ್ಡಕ್ಕ ನನ್ನನ್ನು ನೋಡಿದಳು. ಅಷ್ಟು ಹೆದರಿದ ಮುಖವನ್ನು ನಾನು ಆಕೆಯಲ್ಲಿ ಎಂದೂ ಕಂಡಿರಲಿಲ್ಲ. ಮತ್ತೆ ಹಾಡಬೇಕು, ಮೊದಲಿನಿಂದ. ಮಾಲೀಕರು ವಿಂಗಿನಿಂದ ಹಾಡಿ, ಹಾಡಿ ಎಂದು ಕೈ ಮಾಡುತ್ತಿದ್ದರು. ನಾನು ಈ ಸಲ ದೂರದಿಂದ ಓಡಿಬರಲಿಲ್ಲ. ಹಾಡು ಶುರುವಾಗುವ ಮೊದಲೇ ಹೋಗಿ ಅವುಚಿಕೊಂಡೆ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಹುಡುಗಿಗೆ ಬರುವುದು ಬೇಡ ಎಂದು ಮಾಲೀಕರು ಅವತ್ತೇ ಹೇಳಿಕಳಿಸಿದರು. ಕಾಜಾ ಹಾಕುವ ಕೆಲಸಕ್ಕೆ ಅವ್ವ ಬೇರೆ ಹುಡುಗಿಯನ್ನು ಹುಡುಕಿಕೊಂಡಳು. ಕ್ಯಾಂಪು ಮುಗಿಯುವ ತನಕ ದಿನಾ ನಾನು ಕಿವಿಯಲ್ಲಿ ಹೇಳಿದೆ, ದೊಡ್ಡಕ್ಕ ಹಾಡಿದಳು, ಖಾದರ್ ಮಾಸ್ತರಿಗೆ ಬಿಟ್ಟು ಯಾರಿಗೂ ತಿಳಿಯಲಿಲ್ಲ. ಕ್ಯಾಂಪು ಮುಗಿದ ದಿನ ಆಕೆ ತಾನಾಗಿಯೇ ಲೋಕಿಕೆರೆಯ ತಮ್ಮನ ಮನೆಗೆ ಹೊರಟುಹೋದಳು. ಕೆಲವು ವರ್ಷದ ನಂತರ ಅಲ್ಲಿಯೇ ತೀರಿಕೊಂಡಳು. ನಾನು ನಾಯಕಿಯ ಪಾತ್ರವನ್ನು ಬಹಳ ಕಾಲ ಮಾಡಿದೆ. ಬಹಳ ಜನ ಹೊಗಳಿದರು. ಯಾವ ಮಾತು ಹಿಡಿಸಿತು ಎಂದು ನಾನೂ ಕೇಳುತ್ತಿದ್ದೆ.

ಆದರೆ ನನ್ನ ಜೀವದಲ್ಲಿ ಉಳಿದಿರುವುದು ಆ ಭಾನುವಾರದ ಎರಡನೆಯ ಸಲದ ಹಾಡು. ಈ ಬಾರಿ ಮೊದಲ ಸಾಲೂ ಆಕೆಗೆ ಹೊಳೆಯಲಿಲ್ಲ. ಒಂದೊಂದೇ ಸಾಲು ಎತ್ತಿಕೊಟ್ಟೆ. ಆಕೆಯ ಧ್ವನಿ ಮಾತ್ರ ಒಂದಿಷ್ಟೂ ಕುಗ್ಗಲಿಲ್ಲ. ಒಂದು ಶಬ್ದವೂ ಆಕೆಗೆ ತಪ್ಪಬಾರದೆಂದು ನಾನು ಬಿಡಿಬಿಡಿಯಾಗಿ ಹೇಳುತ್ತಿದ್ದೆ. ಕೊನೆಯ ಸಾಲಿಗೆ ಮುಂಚೆ ಖಾದರ್ ಮಾಸ್ತರು ಪೇಟಿಯನ್ನು ಒಂದು ಸುತ್ತು ನುಡಿಸಿದರು. ದೊಡ್ಡಕ್ಕ ನನ್ನ ತಲೆ ನೇವರಿಸಿ, ತುಟಿ ಅಲ್ಲಾಡಿಸದೆ, ಬಹಳ ದಿನಗಳ ಮೇಲೆ ಮತ್ತೆ ನನ್ನ ಕಿವಿಯಲ್ಲಿ ಬೈದಳು.

"ಮೆಲ್ಲಕ ಹೇಳೇ ಹುಡುಗಿ. ಗೇಟಿಗೆ ಹೋಗ್ತೈತೆ."

ನನಗೆ ನಗು ತಡೆಯಲಾಗಲಿಲ್ಲ. ಆಕೆಯ ಭುಜದಲ್ಲಿ ಮುಖ ಹುದುಗಿಸಿದೆ. ನನ್ನ ಭುಜ ಅಲ್ಲಾಡಿತು, ಆಕೆಯದೂ ಅಲ್ಲಾಡಿತು. ದೂರದಲ್ಲಿ, ಗೇಟಿನ ಹತ್ತಿರ ನೆಲದ ಮೇಲೆ ಕೂತಿದ್ದ ನಮ್ಮವ್ವ, ಸೆರಗಿನಿಂದ ಕಣ್ಣೊರೆಸಿಕೊಂಡಳು.